ಹಲಸಿನ ಹಪ್ಪಳದ ಸುದ್ದಿ ಪೇಪರಿನಲ್ಲಿ ಬರಬೇಕಾದರೆ ಎಂತ ಮಾಡಬೇಕು?

ಹಪ್ಪಳದ ಸೊಸೆ, ಪೆರ್ಲ
ಮೇ 22, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯಿಂದ ಸ್ವಲ್ಪ ಒಳಗೆ. ನಾನು, ಅತ್ತೆ, ಆಚೆ ಮನೆಯ ಇಬ್ಬರು ಅಕ್ಕಂದಿರು ಸೇರಿ ನಾಲ್ಕು ವರ್ಷದಿಂದ ಹಲಸಿನ ಹಪ್ಪಳ ಮಾಡಿ ಮಾರುತ್ತಿದ್ದೇವೆ. ಈ ಸಲ ಮಾರ್ಚ್‌ನಿಂದ ಇಲ್ಲಿಯವರೆಗೆ ನೂರರ ಕಟ್ಟು 410 ಆಗಿದೆ. ಇನ್ನು ಮಳೆ ಹಿಡಿದರೆ ಒಣಗಿಸುವ ಕೆಲಸ ಮುಗಿಯಿತು. ಆಹಾರ ಸುರಕ್ಷತೆಯ ನೋಂದಣಿ ಉಂಟು, 14 ಅಂಕಿಯ ನಂಬರ್ ಪ್ಯಾಕೆಟ್ ಮೇಲೂ ಉಂಟು. ಇಲ್ಲದ್ದು ಗಿರಾಕಿ. ನೆಂಟರು, ಪೆರ್ಲದ ಎರಡು ಅಂಗಡಿ, ಪುತ್ತೂರಿಗೆ ತೆಗೆದುಕೊಂಡು ಹೋಗುವ ಒಬ್ಬರು. ಅಷ್ಟೇ.

ಕಳೆದ ವರ್ಷ ಒಬ್ಬರು "ಪಿ.ಆರ್. ಮಾಡಿಕೊಡ್ತೇವೆ, 25 ಕಡೆ ಸುದ್ದಿ ಬರುತ್ತದೆ" ಎಂದು 12,000 ರೂಪಾಯಿ ತೆಗೆದುಕೊಂಡರು. ಸುಳ್ಳಲ್ಲ, 25 ಕಡೆ ಬಂತು. ಎಲ್ಲ ಕಡೆಯೂ ಒಂದೇ ಬರಹ. ಎಲ್ಲವೂ ಹೆಸರೇ ಕೇಳದ ವೆಬ್‌ಸೈಟ್. ನಮ್ಮ ಹಪ್ಪಳವನ್ನು "ಪಾರಂಪರಿಕ ಸೂಪರ್‌ಫುಡ್" ಅಂತ ಬರೆದಿದ್ದರು. ಅತ್ತೆ ಕನ್ನಡಕ ಹಾಕಿ ಪೂರ್ತಿ ಓದಿ, "ಇದು ಯಾರ ಮನೆಯದ್ದು?" ಎಂದು ಕೇಳಿದರು. ಅದರಿಂದ ಬಂದದ್ದು ಒಂದೇ ಒಂದು ಫೋನ್. ಅದೂ ಇನ್ನೊಬ್ಬ ಪಿ.ಆರ್.ನವನದ್ದು.

ಜಾಹೀರಾತಿಗೆ ದುಡ್ಡಿಲ್ಲ. ಸುದ್ದಿಯಾಗಿ ಬರಲು ದಾರಿ ಉಂಟಾ? ತಿಳಿದವರು ಹೇಳಿ.


ಕುಂಬಳೆಯವ, ಈಗ ಬೆಂಗಳೂರು
ಮೇ 22, ರಾತ್ರಿ 10.15

ಮೊದಲು ಒಳ್ಳೆ ಲೋಗೋ ಮಾಡಿಸಿ. ಆಮೇಲೆ ರೀಲ್ಸ್. ಮಂಗಳೂರಿನಲ್ಲಿ ತಿಂಡಿ ವಿಡಿಯೋ ಮಾಡುವವರು ತುಂಬ ಜನ ಇದ್ದಾರೆ, ಒಬ್ಬರನ್ನು ಹಿಡಿಯಿರಿ. ಪೇಪರ್ ಈಗ ಯಾರು ಓದ್ತಾರೆ?


ಮುಳ್ಳೇರಿಯ ಮಾಷ್ಟ್ರು
ಮೇ 22, ರಾತ್ರಿ 10.40

ಬೆಂಗಳೂರಲ್ಲಿ ಓದದೆ ಇರಬಹುದು ಮಾರಾಯ್ರೆ. ಇಲ್ಲಿ ಬೆಳಿಗ್ಗೆ ಹೋಟೆಲಲ್ಲಿ ಒಂದು ಪೇಪರಿಗೆ ಆರು ಜನ ಕಾಯ್ತಾರೆ. ನಮ್ಮ ಊರಿನ ಪುಟದ ಫೋಟೋ ತೆಗೆದು ವಾಟ್ಸಾಪಿಗೆ ಹಾಕುವುದೂ ಅವರೇ.


ಹಳೇ ವರದಿಗಾರ, ಬದಿಯಡ್ಕ
ಮೇ 23, ಬೆಳಿಗ್ಗೆ 6.30

ತಂಗೀ, ನಾನು 19 ವರ್ಷ ಒಂದು ಕನ್ನಡ ಪೇಪರಿಗೆ ಇಲ್ಲಿಂದ ಸುದ್ದಿ ಕಳಿಸಿದವ. ಈಗ ಬಿಟ್ಟಿದ್ದೇನೆ, ಆದ್ದರಿಂದ ಸ್ವಲ್ಪ ಬಿಚ್ಚಿ ಹೇಳಬಹುದು.

ಪೇಪರಿಗೆ ನಿಮ್ಮ ಹಪ್ಪಳ ಬೇಡ. ಇದನ್ನು ಮೊದಲು ಒಪ್ಪಿಕೊಳ್ಳಿ. "ಒಳ್ಳೆ ಹಪ್ಪಳ ಮಾಡ್ತೇವೆ, ತೆಗೆದುಕೊಳ್ಳಿ" ಅನ್ನುವುದು ಜಾಹೀರಾತು. ಅದಕ್ಕೆ ಅವರಲ್ಲಿ ಬೇರೆ ವಿಭಾಗ ಉಂಟು, ದರಪಟ್ಟಿ ಉಂಟು. ನಾನು ಏನೇ ಕಳಿಸಿದರೂ ಡೆಸ್ಕಿನವರು (ಸುದ್ದಿ ಆರಿಸಿ ತಿದ್ದುವವರು) ಕೇಳುತ್ತಿದ್ದದ್ದು ಎರಡೇ ಮಾತು. "ಇದರಲ್ಲಿ ಹೊಸತು ಎಂತ? ಈಗಲೇ ಯಾಕೆ?" ಇವಕ್ಕೆ ಉತ್ತರ ಇಲ್ಲದ ಸುದ್ದಿ ಬುಟ್ಟಿಗೆ ಹೋಗುತ್ತಿತ್ತು.

ನಿಮ್ಮ ಬರಹದಲ್ಲಿ ಎರಡಕ್ಕೂ ಉತ್ತರ ಇಲ್ಲ. ಆದರೆ ಮನೆಯಲ್ಲಿ ಇರಬಹುದು. ಅದಕ್ಕೆ ಕೇಳ್ತೇನೆ. 410 ಕಟ್ಟಿಗೆ ಹಲಸು ಎಲ್ಲಿಂದ ಬಂತು? ಎಲ್ಲ ನಿಮ್ಮದೇ ಮರದ್ದಾ?


ಹಪ್ಪಳದ ಸೊಸೆ
ಮೇ 23, ಮಧ್ಯಾಹ್ನ 2.10

ಇಲ್ಲ ಅಣ್ಣ, ನಮ್ಮದು ಮೂರೇ ಮರ. ಉಳಿದದ್ದು ಸುತ್ತಿನ 34 ಮನೆಗಳಿಂದ. ಬಲಿತ ಕಾಯಿ ಒಂದಕ್ಕೆ 25 ರೂಪಾಯಿ ಕೊಡ್ತೇವೆ. ಮರ ಹತ್ತಿ ಹಗ್ಗ ಕಟ್ಟಿ ಇಳಿಸುವುದಕ್ಕೆ ಒಬ್ಬ ಹುಡುಗ ಇದ್ದಾನೆ, ಅವನಿಗೆ ಬೇರೆ ಕೂಲಿ. ಮೊದಲು ಅವರೆಲ್ಲ ದನಕ್ಕೆ ಹಾಕಿ, ಉಳಿದದ್ದನ್ನು ಗುಂಡಿಗೆ ಎಸೆಯುತ್ತಿದ್ದರು. ಈಗ "ನಮ್ಮಲ್ಲಿಗೆ ಯಾವಾಗ ಬರ್ತೀರಿ" ಅಂತ ಫೋನ್ ಮಾಡ್ತಾರೆ.


ಹಳೇ ವರದಿಗಾರ
ಮೇ 23, ಮಧ್ಯಾಹ್ನ 2.25

ಇದೇ ಸುದ್ದಿ. ಇದನ್ನು ಬಿಟ್ಟು ಸೂಪರ್‌ಫುಡ್ ಅಂತ ಬರೆದವನಿಗೆ 12,000!

ಹಲಸು ಬಿದ್ದು ಕೊಳೆಯುವುದು ನಮ್ಮ ಎಲ್ಲ ತೋಟದ ಕಥೆ. ಅದಕ್ಕೆ ದುಡ್ಡು ಕೊಟ್ಟವರು ಯಾರು ಅಂತ ಓದುಗನಿಗೆ ತಿಳಿಯಬೇಕು. ಯಾಕೆಂದರೆ ಅವನ ಹಿತ್ತಿಲಲ್ಲೂ ಮರ ಉಂಟು. ಹಪ್ಪಳ ಅದರ ಹಿಂದೆ ತಾನಾಗಿ ಬರುತ್ತದೆ.

"ಈಗಲೇ ಯಾಕೆ" ಅನ್ನುವುದಕ್ಕೆ ನಾನು ಹೇಳುವುದು: ಈಗ ಬೇಡ. ಮೇ ತಿಂಗಳಲ್ಲಿ ಎಲ್ಲರ ಮನೆಯ ಅಂಗಳದಲ್ಲೂ ಹಪ್ಪಳದ ಚಾಪೆ ಇದೆ. ತುಳುವಿನ ಆಟಿ ತಿಂಗಳು ಬರಲಿ. ಜುಲೈ 17ರ ಹೊತ್ತಿಗೆ ಶುರು. ಜಡಿಮಳೆ, ಹೊರಗೆ ಕೆಲಸ ಇಲ್ಲ, ಊರಿಡೀ ಆಟಿ ಕೂಟ. ಪೇಪರಿನವರೂ ಆಟಿಯ ತಿಂಡಿ, ಆಟಿಯ ಸೊಪ್ಪು ಅಂತ ಏನಾದರೂ ಹುಡುಕ್ತಾ ಇರ್ತಾರೆ. ಆಗ ನಿಮ್ಮ ಸುದ್ದಿ ಅವರಿಗೇ ಬೇಕು. ಫೋಟೋ ಮಾತ್ರ ಇವತ್ತೇ ತೆಗೆದಿಡಿ. ಜುಲೈಯಲ್ಲಿ ಬಿಸಿಲಿನ ಹಪ್ಪಳದ ಚಾಪೆ ಎಲ್ಲಿಂದ ತರ್ತೀರಿ?


ಅಂಗಡಿ ಕಾಕ, ಉಪ್ಪಳ
ಮೇ 23, ರಾತ್ರಿ 8.30

ನನ್ನ ಅಂಗಡಿಯಲ್ಲಿ ಹಲಸಿನ ಹಪ್ಪಳ ಇಡ್ತೇನೆ, ಹಾಗಾಗಿ ಒಂದು ಮಾತು. ಕನ್ನಡ ಪೇಪರ್ ಒಂದನ್ನೇ ನಂಬಬೇಡಿ. ಕಾಸರಗೋಡು ಪೇಟೆ, ಕಾಞಂಗಾಡು ಕಡೆ ಕೊಳ್ಳುವವರು ಜಾಸ್ತಿ ಮಲಯಾಳ ಓದುವವರು. ಮಾತೃಭೂಮಿ, ಮನೋರಮ ಎರಡಕ್ಕೂ ಕಾಸರಗೋಡಿನ ಪುಟ ಉಂಟು.

ಆದರೆ ಕನ್ನಡದ್ದನ್ನೇ ಹಾಗೆಯೇ ಮಲಯಾಳಕ್ಕೆ ತಿರುಗಿಸಿ ಕೊಡಬೇಡಿ. ಅವರಿಗೆ ಆಟಿ ಅಂದರೆ ಗೊತ್ತಾಗುವುದಿಲ್ಲ. ಅದೇ ಹೊತ್ತು ಅವರಿಗೆ ಕರ್ಕಿಡಕ ತಿಂಗಳು. ಹಲಸು ಕೇರಳದ ರಾಜ್ಯದ ಹಣ್ಣು ಅಂತ 2018ರಲ್ಲಿ ಘೋಷಣೆ ಆಗಿದೆ, ಅಲ್ಲಿಂದ ಎತ್ತಿಕೊಳ್ಳಿ. ಇನ್ನೊಂದು, ನಗಬೇಡಿ. "ಚಕ್ಕ ಪಪ್ಪಡ" (ಚಕ್ಕ ಅಂದರೆ ಹಲಸು) ಅಂತ ಬರೆದ ಪ್ಯಾಕೆಟ್ ಒಬ್ಬರು ಕೊಂಡುಹೋಗಿ, ಮರುದಿನ ವಾಪಸ್ ತಂದರು. ಯಾಕೆ? ಎಣ್ಣೆಗೆ ಹಾಕಿದರೆ ಉಬ್ಬುವುದಿಲ್ಲವಂತೆ! ಅವರಿಗೆ ಪಪ್ಪಡ ಅಂದರೆ ಉದ್ದಿನದ್ದು, ಪೂರಿಯ ಹಾಗೆ ಉಬ್ಬಬೇಕು. ಹಾಗಾಗಿ ಮಲಯಾಳದಲ್ಲಿ ಬರೆಯುವಾಗ ಹೇಗೆ ಕಾಯಿಸಬೇಕು, ಹೇಗೆ ಕಾಣುತ್ತದೆ ಅಂತ ಒಂದು ಸಾಲು ಬೇಕು. ಪ್ಯಾಕೆಟ್ ಮೇಲೂ ಬೇಕು.


ಮುಳ್ಳೇರಿಯ ಮಾಷ್ಟ್ರು
ಮೇ 23, ರಾತ್ರಿ 9.05

ಕಾಕ ಹೇಳಿದ್ದು ಸರಿ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮಗೆ ಎಲ್ಲವೂ ಎರಡೆರಡು. ಎರಡು ಭಾಷೆ, ಎರಡು ಓಣಿಯ ಗಿರಾಕಿ. ಬೇರೆ ಊರಿನ ವ್ಯಾಪಾರಿಗೆ ಈ ಭಾಗ್ಯ ಇಲ್ಲ.


ಪುನರ್ಪುಳಿ, ನೀರ್ಚಾಲು
ಮೇ 24, ಬೆಳಿಗ್ಗೆ 7.20

ನನ್ನ ಪಾಡು ಕೇಳಿ. ಪುನರ್ಪುಳಿ (ಕೋಕಂ) ಸಿರಪ್ ಮಾಡ್ತೇನೆ. ಮೂರು ವರ್ಷದ ಹಿಂದೆ ಒಂದು ದೊಡ್ಡ ಪೇಪರಿನಲ್ಲಿ ಚಂದದ ಬರಹ ಬಂತು, ಕೆಳಗೆ ನನ್ನ ಮೊಬೈಲ್ ನಂಬರ್. ಬೆಳಿಗ್ಗೆ ಆರೂವರೆಗೆ ಫೋನ್ ಶುರುವಾದದ್ದು ರಾತ್ರಿಯವರೆಗೆ ನಿಲ್ಲಲಿಲ್ಲ. ಎರಡು ದಿನದಲ್ಲಿ 180ಕ್ಕಿಂತ ಜಾಸ್ತಿ. ನನ್ನ ಹತ್ತಿರ ಇದ್ದದ್ದು 40 ಬಾಟಲಿ. ಕೊರಿಯರ್ ಹೇಗೆ ಕಳಿಸುವುದು, ಗಾಜಿನ ಬಾಟಲಿ ಒಡೆದರೆ ಯಾರ ಹೊಣೆ, ಒಂದೂ ಯೋಚಿಸಿರಲಿಲ್ಲ. "ಮುಂದಿನ ತಿಂಗಳು" ಅಂದೆ. ಮುಂದಿನ ತಿಂಗಳು ಒಬ್ಬರೂ ಕೇಳಲಿಲ್ಲ. ಕೆಲವರು "ಪೇಪರಿನಲ್ಲಿ ಹಾಕ್ತಾರೆ, ಮಾಲು ಕೊಡೋದಿಲ್ಲ" ಅಂತ ಗ್ರೂಪಿನಲ್ಲಿ ಬರೆದರು. ಬರಹ ಬಾರದೆ ಇದ್ದರೇ ಒಳ್ಳೆಯದಿತ್ತು ಅನ್ನಿಸಿತು.

ಎರಡನೇ ತಪ್ಪು. ವರದಿಗಾರರು ಬಂದಾಗ ಉಮೇದಿನಲ್ಲಿ "ಸಕ್ಕರೆ ಕಾಯಿಲೆಗೆ ರಾಮಬಾಣ" ಅಂದುಬಿಟ್ಟೆ. ಅವರು ಅದನ್ನೇ ತಲೆಬರಹ ಮಾಡಿದರು. ನಾನು ಅದನ್ನು ಕತ್ತರಿಸಿ ಫೋಟೋ ತೆಗೆದು ಬಾಟಲಿ ಜೊತೆ ಹಂಚಿದೆ. ಒಬ್ಬ ವಕೀಲ ನೆಂಟರು ಬೈದ ಮೇಲೆ ನಿಲ್ಲಿಸಿದೆ.


ಹಳೇ ವರದಿಗಾರ
ಮೇ 24, ಬೆಳಿಗ್ಗೆ 8.00

ವಕೀಲರು ಬೈದದ್ದು ನಿಮ್ಮ ಪುಣ್ಯ. ತಿನ್ನುವ ವಸ್ತುವಿನ ಬಗ್ಗೆ ದಾರಿ ತಪ್ಪಿಸುವ ಜಾಹೀರಾತು ಮಾಡಿದರೆ 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೇ ಕಲಂ ಪ್ರಕಾರ 10 ಲಕ್ಷ ರೂಪಾಯಿಯವರೆಗೆ ದಂಡ ಹಾಕಬಹುದು. ಸಕ್ಕರೆ ಕಾಯಿಲೆ ಗುಣ ಮಾಡುತ್ತದೆ ಅಂತ ಮದ್ದಿನ ಪ್ರಚಾರ ಮಾಡುವುದಕ್ಕೆ 1954ರಿಂದಲೇ ಬೇರೆ ಕಾಯ್ದೆ ಅಡ್ಡ ಉಂಟು. ಪೇಪರಿನವರು ಬರೆದದ್ದು ಅವರ ಹೊಣೆ ಅಂತ ಕೈ ತೊಳೆಯುವ ಹಾಗಿಲ್ಲ. ಕತ್ತರಿಸಿ ಹಂಚಿದ ಕೂಡಲೇ ಅದು ನಿಮ್ಮ ಮಾತೇ ಆಯಿತು.

ಹಲಸಿಗೂ ಈಗ ಇದೇ ಮಾತು ಎಲ್ಲ ಕಡೆ ಹರಿದಾಡುತ್ತಿದೆ. ತಂಗೀ, ರುಚಿ ಹೇಳಿ, ಕಾಯಿಲೆ ಎತ್ತಬೇಡಿ.


ಕುಂಬಳೆಯವ, ಈಗ ಬೆಂಗಳೂರು
ಮೇ 24, ಬೆಳಿಗ್ಗೆ 10.30

ಸರಿ ಸರಿ, ಪೇಪರ್ ಬೇಕು, ಒಪ್ಪಿದೆ. ಆದರೂ ರೀಲ್ಸ್ ಬಿಡಬೇಡಿ.


ಹಪ್ಪಳದ ಸೊಸೆ
ಮೇ 24, ಮಧ್ಯಾಹ್ನ 1.15

ನೀವು ಹೇಳಿದ ಮೇಲೆ ಒಬ್ಬರನ್ನು ಕೇಳಿದೆ ಅಣ್ಣ. ಒಂದು ನಿಮಿಷದ ವಿಡಿಯೋಗೆ 8,000. "ದುಡ್ಡು ಕೊಟ್ಟದ್ದು ಅಂತ ಯಾರಿಗೂ ಹೇಳಬೇಡಿ" ಅಂತಲೂ ಅಂದರು.


ಹಳೇ ವರದಿಗಾರ
ಮೇ 24, ಮಧ್ಯಾಹ್ನ 1.40

ಹಾಗೆ ಹೇಳಿದವರನ್ನು ಬಿಟ್ಟುಬಿಡಿ. ದುಡ್ಡು ತೆಗೆದುಕೊಂಡು ಮಾಡಿದ ವಿಡಿಯೋದಲ್ಲಿ ಅದು ಜಾಹೀರಾತು ಅಂತ ಕಾಣುವ ಹಾಗೆ ಹಾಕಬೇಕು. ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಈ ನಿಯಮ ತಂದಿದೆ. ನಿಮ್ಮ ಮರ ಹತ್ತುವ ಹುಡುಗನ ಕೈಗೇ ಮೊಬೈಲ್ ಕೊಡಿ. ಹಗ್ಗದಲ್ಲಿ ಹಲಸು ಇಳಿಯುವುದನ್ನು ಮೇಲಿನಿಂದ ತೆಗೆಯಲಿ. ಹತ್ತುವಾಗ ಬೇಡ, ಕೂತ ಮೇಲೆ!


ಮುಳ್ಳೇರಿಯ ಮಾಷ್ಟ್ರು
ಮೇ 24, ರಾತ್ರಿ 9.30

ಒಂದು ಉದಾಹರಣೆ ಯಾರೂ ಹೇಳಲಿಲ್ಲ. ನಮ್ಮ ಪಕ್ಕದಲ್ಲೇ ಆದದ್ದು. 2021ರಲ್ಲಿ ಕೊರೋನಾ ಹೊತ್ತು, ಬಾಳೆಕಾಯಿ ಕೇಳುವವರಿಲ್ಲ. ಆಗ ಬಾಳೆಕಾಯಿ ಒಣಗಿಸಿ ಹುಡಿ ಮಾಡುವ ವಿದ್ಯೆಯನ್ನು ಪುತ್ತೂರಿನ ಕೃಷಿ ಮಾಸಿಕ ಅಡಿಕೆ ಪತ್ರಿಕೆಯವರು ಎತ್ತಿಕೊಂಡರು. ಅದರ ಸಂಪಾದಕ ಶ್ರೀ ಪಡ್ರೆಯವರು ನಿಮ್ಮ ಪೆರ್ಲದ ಕಡೆಯವರೇ. ಬಾಳೆಕಾಯಿ ಹುಡಿ ಅನ್ನುವುದನ್ನು ಕತ್ತರಿಸಿ "ಬಾಕಾಹು" ಅಂದರು. ವಾಟ್ಸಾಪ್ ಗುಂಪಿನಲ್ಲಿ ಮನೆಮನೆಯ ಹೆಂಗಸರು ಮಾಡಿ ನೋಡಿ ಫೋಟೋ ಹಾಕಿದರು. ದೋಸೆ ಆಯಿತು, ಗುಲಾಬ್ ಜಾಮೂನು ಆಯಿತು. ಆ ವರ್ಷ ಜುಲೈಯ "ಮನ್ ಕಿ ಬಾತ್" ರೇಡಿಯೋ ಮಾತಿನಲ್ಲಿ ಪ್ರಧಾನಿಯವರು ದಕ್ಷಿಣ ಕನ್ನಡ, ಉತ್ತರ ಕನ್ನಡದ ಹೆಂಗಸರ ಈ ಕೆಲಸವನ್ನೇ ಹೇಳಿದರು.

ಒಂದು ರೂಪಾಯಿಯ ಜಾಹೀರಾತು ಇರಲಿಲ್ಲ. ಗಮನಿಸಿ, "ನನ್ನ ಹುಡಿ ಕೊಳ್ಳಿ" ಅಂತ ಹೇಳಲೇ ಇಲ್ಲ. "ನೀವೂ ಹೀಗೆ ಮಾಡಿ" ಅಂದರು. ಹೇಗೆ ಮಾಡುವುದು ಅಂತ ಪೂರ್ತಿ ಬಿಟ್ಟುಕೊಟ್ಟರೆ ನಮ್ಮ ವ್ಯಾಪಾರ ಹೋಗುತ್ತದೆ ಅಂತ ತುಂಬ ಜನ ಹೆದರ್ತಾರೆ. ಹಪ್ಪಳ ಮಾಡುವುದನ್ನು ಓದಿದ ನೂರು ಜನರಲ್ಲಿ ಮಾಡುವವರು ಎಷ್ಟು? ಸೊಳೆ ಬಿಡಿಸಿ ಕೈಗೆ ಮೇಣ ಅಂಟಿದ ಕೂಡಲೇ ಅಂಗಡಿಗೆ ಓಡ್ತಾರೆ.


ಪೆರ್ಲ ಪೇಟೆಯವ
ಮೇ 25, ಬೆಳಿಗ್ಗೆ 9.00

ಜಾತ್ರೆಯ ಸ್ಮರಣ ಸಂಚಿಕೆಗೆ ಜಾಹೀರಾತು ಕೊಟ್ಟರೆ ಹೇಗೆ? 2025ರಲ್ಲಿ ಮಧೂರು ದೇವಸ್ಥಾನದ ಮೂಡಪ್ಪ ಸೇವೆ ಆದಾಗ ಎಷ್ಟು ಜನ ಸೇರಿದ್ದರು.


ಅಂಗಡಿ ಕಾಕ, ಉಪ್ಪಳ
ಮೇ 25, ಬೆಳಿಗ್ಗೆ 9.45

ಸಂಚಿಕೆಯ ಜಾಹೀರಾತು ಅಂದರೆ ವಂತಿಗೆ. ಕೊಡಿ, ಬೇಡ ಅನ್ನುವುದಿಲ್ಲ, ಊರಲ್ಲಿ ಬದುಕಬೇಕಲ್ಲ. ವ್ಯಾಪಾರದ ಲೆಕ್ಕಕ್ಕೆ ಬರೆಯಬೇಡಿ. ಅದೇ ದುಡ್ಡಿಗೆ ರಾತ್ರಿ ಯಕ್ಷಗಾನದ ಆಟ ನೋಡಲು ಬಂದವರಿಗೆ ಹಪ್ಪಳ ಕಾಯಿಸಿ ಚಾಯದ ಜೊತೆ ಕೊಡಿ. ವೇಷ ಕಟ್ಟುವ ಚೌಕಿಯವರೆಗೆ ಸುದ್ದಿ ಹೋಗುತ್ತದೆ.


ಹಪ್ಪಳದ ಸೊಸೆ
ಜೂನ್ 30, ರಾತ್ರಿ 8.15

ತಡವಾಯಿತು, ಕ್ಷಮಿಸಿ. ಮಳೆಗೆ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಒಂದು ಕರಡು ಬರೆದಿದ್ದೇನೆ. ತಿದ್ದಿ ಕೊಡ್ತೀರಾ ಅಣ್ಣ?

"ಪರಿಶುದ್ಧತೆ ಮತ್ತು ಗುಣಮಟ್ಟಕ್ಕೆ ಹೆಸರಾದ, ಅಜ್ಜಿಯ ಕೈರುಚಿಯ, ಯಾವುದೇ ರಾಸಾಯನಿಕ ಬಳಸದ ಹಲಸಿನ ಹಪ್ಪಳ ಈಗ ಪೆರ್ಲದಲ್ಲಿ ಲಭ್ಯ. ಗ್ರಾಹಕರು ಇದರ ಸದುಪಯೋಗ ಪಡೆದುಕೊಳ್ಳಬೇಕಾಗಿ ವಿನಂತಿ."


ಹಳೇ ವರದಿಗಾರ
ಜುಲೈ 1, ಬೆಳಿಗ್ಗೆ 6.45

ತಂಗೀ, ಇಷ್ಟೆಲ್ಲ ಮಾತಾಡಿ ಕೊನೆಗೆ ಪುನಃ ನೋಟೀಸೇ ಬರೆದಿರಲ್ಲ! "ಸದುಪಯೋಗ" ಅಂದ ಕೂಡಲೇ ಡೆಸ್ಕಿನವ ಮುಂದಿನದನ್ನು ಓದುವುದಿಲ್ಲ. ಹೀಗೆ ಬರೆದು ನೋಡಿ.

"ಪೆರ್ಲ: ತೋಟದಲ್ಲಿ ಬಿದ್ದು ಕೊಳೆಯುತ್ತಿದ್ದ ಹಲಸಿಗೆ ಇಲ್ಲಿನ 34 ಮನೆಗಳಿಗೆ ಈ ಸಲ ದುಡ್ಡು ಸಿಕ್ಕಿದೆ. ನಾಲ್ವರು ಮಹಿಳೆಯರು ಬಲಿತ ಕಾಯಿಗೆ 25 ರೂಪಾಯಿಯಂತೆ ಕೊಟ್ಟು ಹಲಸು ಕೊಂಡಿದ್ದಾರೆ. ಮಾರ್ಚ್‌ನಿಂದ ಮೇವರೆಗೆ ಅದರಿಂದ 41,000 ಹಪ್ಪಳ ಮಾಡಿದ್ದಾರೆ. ಆಟಿಯ ಮಳೆಗೆ ಈಗ ಅವು ಮಾರಾಟಕ್ಕೆ ಬಂದಿವೆ."

ಇದರ ಕೆಳಗೆ ಅತ್ತೆಯ ಒಂದು ಮಾತು ಹಾಕಿ. ನಾನು ಕಟ್ಟಿಕೊಡುವುದಿಲ್ಲ. ಅವರು ನಿಜಕ್ಕೂ ಹೇಳಿದ್ದೇ ಇರಲಿ, ಮನೆಮಾತಿನಲ್ಲೇ ಇರಲಿ. ಆಮೇಲೆ ನಾಲ್ವರ ಹೆಸರು, ಊರು, ಸಂಜೆ ಇಷ್ಟು ಗಂಟೆಯಿಂದ ಇಷ್ಟು ಗಂಟೆಯೊಳಗೆ ಫೋನ್ ಮಾಡಿ ಅಂತ ಒಂದು ನಂಬರ್. ಗಂಟೆ ಬರೆಯದಿದ್ದರೆ ನೀರ್ಚಾಲಿನವರ ಗತಿ. ಒಟ್ಟು ಇನ್ನೂರು ಪದ ದಾಟಬೇಡಿ.

ಕಳಿಸುವ ವಿಚಾರ. ಬರಹವನ್ನು ಪಿಡಿಎಫ್ ಮಾಡಬೇಡಿ, ಕೈಬರಹದ ಫೋಟೋ ಕಳಿಸಬೇಡಿ. ಯುನಿಕೋಡ್‌ನಲ್ಲಿ ಟೈಪ್ ಮಾಡಿ ಮೇಲ್‌ನಲ್ಲೇ ಹಾಕಿ, ಅವರು ಎತ್ತಿ ಅಂಟಿಸಿದರೆ ಆಯಿತು. ಫೋಟೋ ವಾಟ್ಸಾಪಿನಲ್ಲಿ ಹಾಗೆಯೇ ಕಳಿಸಿದರೆ ಸಣ್ಣದಾಗಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಅಡ್ಡ ಫೋಟೋ ಎರಡು ಸಾಕು. ನಾಲ್ವರೂ ಸಾಲಾಗಿ ನಿಂತು ಪ್ಯಾಕೆಟ್ ಹಿಡಿದದ್ದು ಬೇಡವೇ ಬೇಡ. ಹಪ್ಪಳದ ಒತ್ತುಮಣೆಯ ಹತ್ತಿರ ಕೆಲಸ ಮಾಡುವಾಗಿನದ್ದು ಕೊಡಿ. ಯಾರು ಎಡಕ್ಕೆ, ಯಾರು ಬಲಕ್ಕೆ ಅಂತ ಬರೆಯಿರಿ.

ಬದಿಯಡ್ಕ, ಕುಂಬಳೆ, ಕಾಸರಗೋಡು ಅಂತ ಒಂದೇ ಪೇಪರಿನ ಮೂವರಿಗೆ ಕಳಿಸಿದರೆ ಮೂವರಿಗೂ ಸಿಟ್ಟು ಬರುತ್ತದೆ. ನಿಮ್ಮ ಊರಿನ ವರದಿಗಾರ ಯಾರು ಅಂತ ಕೇಳಿ, ಅವರಿಗೆ ಮಾತ್ರ ಕೊಡಿ. ಮಂಗಳೂರು ಆಕಾಶವಾಣಿಯ ಕೃಷಿ ವಿಭಾಗಕ್ಕೂ ಒಂದು ಪತ್ರ ಹಾಕಿ. ನಮ್ಮಲ್ಲಿ ಅಡಿಕೆ ಸುಲಿಯುವಾಗ ಈಗಲೂ ರೇಡಿಯೋ ಹಚ್ಚುವವರಿದ್ದಾರೆ.


ಹಪ್ಪಳದ ಸೊಸೆ
ಜುಲೈ 1, ಬೆಳಿಗ್ಗೆ 10.20

ಒಂದು ಕೇಳಲಾ? ವರದಿಗಾರರಿಗೆ ಕವರ್ ಕೊಡಬೇಕಾ? ಎಷ್ಟು ಅಂತ ಗೊತ್ತಿಲ್ಲದೆ ಇಷ್ಟು ದಿನ ಅದೇ ಹೆದರಿಕೆ.


ಹಳೇ ವರದಿಗಾರ
ಜುಲೈ 1, ಬೆಳಿಗ್ಗೆ 10.35

ಬೇಡ. ಕೇಳಿದರೆ ಅವರ ಸಹವಾಸವೇ ಬೇಡ. ಮನೆಗೆ ಬಂದರೆ ಹಪ್ಪಳ ಕಾಯಿಸಿ ಕೊಡಿ, ತೆಂಗಿನಕಾಯಿ ಹೋಳು ಜೊತೆಗಿರಲಿ. ಅಷ್ಟು ನಡೆಯುತ್ತದೆ. ಬರಹ ಪ್ರಕಟವಾಗುವ ಮೊದಲು ತೋರಿಸಿ ಅಂತ ಮಾತ್ರ ಕೇಳಬೇಡಿ, ಯಾರಿಗೂ ಹಿಡಿಸುವುದಿಲ್ಲ.


ಪುನರ್ಪುಳಿ, ನೀರ್ಚಾಲು
ಜುಲೈ 1, ಮಧ್ಯಾಹ್ನ 12.50

ಗೂಗಲ್ ಮ್ಯಾಪಿನಲ್ಲೂ ಮೊದಲೇ ಹಾಕಿಕೊಳ್ಳಿ, ಅದಕ್ಕೆ ದುಡ್ಡಿಲ್ಲ. ಸುದ್ದಿ ಓದಿದವರು ಮರುದಿನ ಹುಡುಕುವುದು ಅಲ್ಲೇ. ಪಿನ್ ಸರಿ ನೋಡಿ ಇಡಿ. ನನ್ನದು ತೋಡಿನ ಆಚೆ ಬಿದ್ದು, ಮಂಗಳೂರಿನ ಒಂದು ಕಾರು ಯಾರದ್ದೋ ಅಡಿಕೆ ತೋಟದ ಮಧ್ಯೆ ನಿಂತಿತ್ತು. ರಿವ್ಯೂ ಬರೆದರೆ ಒಂದು ಕಟ್ಟು ಪುಕ್ಕಟೆ ಅಂತ ಹೇಳಬೇಡಿ, ಗೂಗಲ್‌ನವರ ನಿಯಮಕ್ಕೆ ಅದು ಆಗುವುದಿಲ್ಲ.


ಹಪ್ಪಳದ ಸೊಸೆ
ಜುಲೈ 29, ರಾತ್ರಿ 9.10

ಬಂತು! ಕಳೆದ ಭಾನುವಾರ, ಒಳಪುಟ, ಮೂರು ಕಾಲಂ. ನೀವು ತಿದ್ದಿದ ಮೊದಲ ಸಾಲು ಹಾಗೆಯೇ ಉಂಟು ಅಣ್ಣ. ಫೋಟೋದಲ್ಲಿ ಅತ್ತೆಯನ್ನು ಅರ್ಧ ಕತ್ತರಿಸಿದ್ದಾರೆ, ಒತ್ತುಮಣೆಯ ಮೇಲೆ ಅವರ ಕೈ ಮಾತ್ರ ಕಾಣುತ್ತದೆ. ಮೂರು ದಿನ ಸಿಟ್ಟಲ್ಲಿದ್ದರು. ಫೋಟೋದ ಕೆಳಗೆ "ಹಲಸಿನ ಚಿಪ್ಸ್" ಅಂತ ಬೇರೆ ಬರೆದಿದ್ದಾರೆ.

ಸಂಜೆ 4ರಿಂದ 6 ಅಂತ ಹಾಕಿದ್ದರೂ ಬೆಳಿಗ್ಗೆ ಏಳಕ್ಕೇ ಫೋನ್. ಇವತ್ತಿಗೆ 96. ತಗಡಿನ ಡಬ್ಬದಲ್ಲಿ ತುಂಬಿಟ್ಟದ್ದರಲ್ಲಿ 230 ಕಟ್ಟು ಹೋಯಿತು. ಮಲಯಾಳದ ಒಬ್ಬ ವರದಿಗಾರರು ಕನ್ನಡ ಪೇಪರ್ ನೋಡಿ ತಾವೇ ಬಂದರು. ಅವರಿಗೆ ಹಪ್ಪಳಕ್ಕಿಂತ ಮರ ಹತ್ತುವ ಹುಡುಗನ ಮೇಲೆ ಕಣ್ಣು. ಅವನ ಬಗ್ಗೆಯೇ ಬರೀತಾರಂತೆ. ಅವನು ಕ್ಷೌರ ಮಾಡಿಸಿಕೊಂಡು ಬಂದಿದ್ದ.

ನಾನು ಎಣಿಸದ್ದು ಒಂದು ಆಯಿತು. 96ರಲ್ಲಿ 17 ಫೋನ್ ಕೊಳ್ಳುವವರದ್ದಲ್ಲ. "ನಮ್ಮಲ್ಲೂ ಹಲಸು ಉಂಟು, ಮುಂದಿನ ವರ್ಷ ಬರ್ತೀರಾ" ಅಂತ. ಒಬ್ಬರು ಅಡ್ಯನಡ್ಕದಿಂದ. ಅಷ್ಟು ಹಲಸು ತಂದರೆ ಒತ್ತುವವರು ಯಾರು ಅಂತ ಈಗ ನಾಲ್ವರೂ ಲೆಕ್ಕ ಹಾಕ್ತಾ ಇದ್ದೇವೆ.

ಒಂದು ದೂರೂ ಬಂತು. ಒಂದು ಕಟ್ಟಿನಲ್ಲಿ ಬೂಸು ಹಿಡಿದಿತ್ತಂತೆ, ಫೋಟೋ ಸಮೇತ ಗ್ರೂಪಿನಲ್ಲಿ ಹಾಕಿದ್ದಾರೆ. ಎಂತ ಮಾಡಲಿ?


ಅಂಗಡಿ ಕಾಕ, ಉಪ್ಪಳ
ಜುಲೈ 29, ರಾತ್ರಿ 9.25

ಅದೇ ಗ್ರೂಪಿನಲ್ಲಿ ಉತ್ತರ ಕೊಡಿ, ಖಾಸಗಿಯಾಗಿ ಅಲ್ಲ. "ಹೌದು, ನಮ್ಮ ಕಟ್ಟೇ, ತಪ್ಪಾಯಿತು, ನಾಳೆ ಬೇರೆ ಕಳಿಸ್ತೇವೆ." ಇಷ್ಟೇ. ಮಳೆ, ಪ್ಲಾಸ್ಟಿಕ್, ಕೊರಿಯರ್ ಅಂತ ಕಾರಣ ಬೇಡ. ಅದೇ ದಿನ ಕಟ್ಟಿದ ಬೇರೆ ಕಟ್ಟುಗಳನ್ನೂ ಬಿಚ್ಚಿ ನೋಡಿ.


ಹಪ್ಪಳದ ಸೊಸೆ
ಜುಲೈ 30, ಮಧ್ಯಾಹ್ನ 3.00

ಹಾಗೇ ಮಾಡಿದೆ ಕಾಕ. ಅದೇ ದಿನದ್ದು ಇನ್ನೂ ಆರು ಕಟ್ಟು ಇತ್ತು, ಎರಡರಲ್ಲಿ ಬೂಸು. ಆರನ್ನೂ ತೆಗೆದಿಟ್ಟೆ. ದೂರು ಕೊಟ್ಟವರು ಬದಲಿ ಸಿಕ್ಕಿದ್ದಕ್ಕೆ ಗ್ರೂಪಿನಲ್ಲೇ ಬರೆದರು. ಅದನ್ನು ನೋಡಿ ಮತ್ತೆ ಮೂರು ಜನ ಕೇಳಿದರು.


ಕುಂಬಳೆಯವ, ಈಗ ಬೆಂಗಳೂರು
ಜುಲೈ 30, ರಾತ್ರಿ 8.40

ನನಗೂ ಎರಡು ಕಟ್ಟು ಬೇಕಿತ್ತು ಅಕ್ಕ. ಇನ್ನೂ ಉಂಟಾ?


ಹಪ್ಪಳದ ಸೊಸೆ
ಜುಲೈ 30, ರಾತ್ರಿ 8.55

ಮಾರುವುದು ಮುಗಿಯಿತು ಅಣ್ಣ. 18 ಕಟ್ಟು ಮಾಳಿಗೆಯಲ್ಲಿ ಉಂಟು. ಅತ್ತೆ ಕೊಡುವುದಿಲ್ಲ. "ಆಟಿಗೆ ನಮಗೆ ಬೇಡ್ವಾ?" ಅಂತಾರೆ.